ಆರಂಭಿಕ ಶ್ವಾಸಕೋಶ ಕ್ಯಾನ್ಸರಿನಲ್ಲಿ ಗಡ್ಡೆ-ಡಿಎನ್‌ಎ ರಕ್ತಪರೀಕ್ಷೆ

ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಸತ್ತು ಒಡೆದಾಗ ಅವುಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಆ ತುಣುಕುಗಳನ್ನು ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಹಳದಿ ದ್ರವದಲ್ಲಿ, ಗುರುತಿಸಿ ಅಳೆಯುವ ವಿಧಾನವೇ ಗಡ್ಡೆ-ಡಿಎನ್‌ಎ ರಕ್ತಪರೀಕ್ಷೆ. ವೈದ್ಯರು ಇದನ್ನು ಸಿಟಿಡಿಎನ್‌ಎ ಪರೀಕ್ಷೆ ಎನ್ನುತ್ತಾರೆ, ಪತ್ರಿಕೆಗಳು ಲಿಕ್ವಿಡ್ ಬಯಾಪ್ಸಿ ಎಂದು ಬರೆಯುತ್ತವೆ. ದೇಹದ ಬೇರೆ ಭಾಗಗಳಿಗೆ ಹರಡಿದ ಶ್ವಾಸಕೋಶ ಕ್ಯಾನ್ಸರಿನಲ್ಲಿ ಯಾವ ಔಷಧ ಹಿಡಿದೀತು ಎಂದು ತಿಳಿಯಲು ಇದರ ಬಳಕೆ ರೂಢಿಗೆ ಬಂದಿದ್ದು, ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆಯನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಗಡ್ಡೆ ಇನ್ನೂ ಶ್ವಾಸಕೋಶದಲ್ಲಿ ಮತ್ತು ಪಕ್ಕದ ದುಗ್ಧಗ್ರಂಥಿಗಳಲ್ಲಷ್ಟೇ ಇದ್ದು ಶಸ್ತ್ರಚಿಕಿತ್ಸೆಗೆ ಎಟುಕುವಂತಿರುವ ಹಂತದಲ್ಲಿ, ಅಂದರೆ ಒಂದನೆಯ ಹಂತದಿಂದ ಮೂರನೆಯ ಹಂತದ ಮೊದಲ ಭಾಗದವರೆಗೆ, ಪ್ರಶ್ನೆಯೇ ಬೇರೆ. ಗಡ್ಡೆಯನ್ನು ತೆಗೆದ ಮೇಲೆ ಕಣ್ಣಿಗೂ ಸ್ಕ್ಯಾನಿಗೂ ಕಾಣದ ರೋಗ ಎಲ್ಲಾದರೂ ಉಳಿದಿದೆಯೇ, ಉಳಿದಿದ್ದರೆ ಯಾರಲ್ಲಿ, ಅಂಥವರಿಗೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಈ ಪರೀಕ್ಷೆ ಒಂದು ಮಟ್ಟಿಗೆ ಉತ್ತರ ಕೊಡುತ್ತದೆ. ಮೂರನೆಯದು ಇನ್ನೂ ಇತ್ಯರ್ಥವಾಗಿಲ್ಲ.

ಹಿನ್ನೆಲೆ ಮತ್ತು ತತ್ತ್ವ

ರಕ್ತದಲ್ಲಿ ಜೀವಕೋಶದ ಹೊರಗೂ ಡಿಎನ್‌ಎ ತೇಲುತ್ತಿರುತ್ತದೆ ಎಂಬುದನ್ನು ಫ್ರಾನ್ಸಿನ ಮಾಂಡೆಲ್ ಮತ್ತು ಮೆತೆ 1948ರಲ್ಲೇ ವರದಿ ಮಾಡಿದ್ದರು, ಆದರೆ ಡಿಎನ್‌ಎಯ ರಚನೆಯೇ ಗೊತ್ತಿಲ್ಲದ ಆ ಕಾಲದಲ್ಲಿ ಅದನ್ನು ಗಮನಿಸಿದವರು ಕಡಿಮೆ. ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿರುತ್ತದೆ ಎಂಬುದು 1977ರಲ್ಲಿ ಗೊತ್ತಾಯಿತು. 1994ರಲ್ಲಿ ಗಡ್ಡೆಗಳಿಗೆ ವಿಶಿಷ್ಟವಾದ ರಾಸ್ ಜೀನುಗಳ ಉತ್ಪರಿವರ್ತನೆ, ಅಂದರೆ ಡಿಎನ್‌ಎ ಅಕ್ಷರಗಳಲ್ಲಿ ಆಗುವ ಬದಲಾವಣೆ, ಪ್ಲಾಸ್ಮಾದಲ್ಲಿಯೇ ಸಿಕ್ಕಿದ ಮೇಲೆ ಈ ತುಣುಕುಗಳು ಗಡ್ಡೆಯಿಂದಲೇ ಬಂದವು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ತುಣುಕುಗಳ ಉದ್ದ ಸಾಮಾನ್ಯವಾಗಿ 167 ಅಕ್ಷರಜೋಡಿಗಳ ಆಸುಪಾಸು ಇದ್ದು, ಗಡ್ಡೆಯಿಂದ ಬಂದವು ಇನ್ನೂ ಸ್ವಲ್ಪ ಚಿಕ್ಕವು. ರಕ್ತದಲ್ಲಿ ಅವುಗಳ ಆಯುಸ್ಸು ಬಹಳ ಕಡಿಮೆ. ಬೀಜಿಂಗಿನ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ವಾಸಕೋಶದ ಗಡ್ಡೆಯನ್ನು ಪೂರ್ತಿಯಾಗಿ ತೆಗೆದವರ ರಕ್ತದಲ್ಲಿ ಗಡ್ಡೆ-ಡಿಎನ್‌ಎ ಅರ್ಧಕ್ಕೆ ಇಳಿಯಲು ಹಿಡಿದದ್ದು ಸರಾಸರಿ 35 ನಿಮಿಷ. ಹೀಗಾಗಿ ಶಸ್ತ್ರಚಿಕಿತ್ಸೆಯಾಗಿ ಒಂದು ತಿಂಗಳ ನಂತರವೂ ಆ ಡಿಎನ್‌ಎ ರಕ್ತದಲ್ಲಿ ಸಿಕ್ಕರೆ ಅದು ಹಳೆಯ ಶೇಷವಾಗಿರಲಾರದು. ಎಲ್ಲೋ ಬದುಕಿರುವ ಕ್ಯಾನ್ಸರ್ ಅದನ್ನು ಈಗಲೂ ಸುರಿಸುತ್ತಿದೆ ಎಂದೇ ತಿಳಿಯಬೇಕು. ಹೀಗೆ ಕಾಣದೆ ಉಳಿದದ್ದನ್ನು ಅಳಿದುಳಿದ ರೋಗ ಎನ್ನಬಹುದು.

ಆರಂಭಿಕ ಹಂತದಲ್ಲಿ ಈ ಹುಡುಕಾಟ ಏಕೆ ಕಷ್ಟ ಎಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಹತ್ತು ಮಿಲಿಲೀಟರ್ ರಕ್ತದಿಂದ ನಾಲ್ಕೈದು ಮಿಲಿಲೀಟರ್ ಪ್ಲಾಸ್ಮಾ ಸಿಗುತ್ತದೆ, ಪ್ರತಿ ಮಿಲಿಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಡಿಎನ್‌ಎ ಇರುತ್ತದೆ, ಮನುಷ್ಯನ ಜೀನೋಮಿನ ಒಂದು ಪ್ರತಿ ತೂಗುವುದು ಸುಮಾರು 3.3 ಪಿಕೋಗ್ರಾಂ, ಆದ್ದರಿಂದ ಒಂದು ಕೊಳವೆ ರಕ್ತದಲ್ಲಿ ಇರುವುದು ಐದಾರು ಸಾವಿರ ಜೀನೋಮ್ ಪ್ರತಿಗಳು ಮಾತ್ರ. ಅವುಗಳಲ್ಲಿ ಹತ್ತು ಸಾವಿರಕ್ಕೊಂದು ಗಡ್ಡೆಯದು ಎಂದಾದರೆ, ಒಂದೇ ಒಂದು ಉತ್ಪರಿವರ್ತನೆಯನ್ನು ಹುಡುಕುವ ಪರೀಕ್ಷೆಗೆ ಆ ಕೊಳವೆಯಲ್ಲಿ ಹುಡುಕಬೇಕಾದ ವಸ್ತುವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಇಲ್ಲದ ವಸ್ತುವನ್ನು ಅದು ತೋರಿಸಲಾರದು. ಇದಕ್ಕೆ ಕಂಡುಕೊಂಡ ಉಪಾಯ ಏಕಕಾಲಕ್ಕೆ ಅನೇಕ ಉತ್ಪರಿವರ್ತನೆಗಳ ಬೆನ್ನು ಹತ್ತುವುದು: ತೆಗೆದ ಗಡ್ಡೆಯ ತುಣುಕನ್ನು ಮೊದಲು ಓದಿ, ಆ ರೋಗಿಯ ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳ ಪಟ್ಟಿ ಮಾಡಿ, ಅವನ್ನೇ ರಕ್ತದಲ್ಲಿ ಹುಡುಕುತ್ತಾರೆ. ಹದಿನಾರು ಬದಲಾವಣೆಗಳನ್ನು ಹಿಡಿದು ಹೋಗುವ ಪರೀಕ್ಷೆಗಳು ಮೊದಲು ಬಂದವು, ಇಡೀ ಜೀನೋಮನ್ನು ಓದಿ ಸುಮಾರು 1,800 ಬದಲಾವಣೆಗಳನ್ನು ಹುಡುಕುವಂಥವು ಈಚೆಗೆ ಬಂದಿವೆ. ಗಡ್ಡೆಯ ತುಣುಕಿನ ನೆರವಿಲ್ಲದೆ, ಸಾಮಾನ್ಯವಾಗಿ ಕ್ಯಾನ್ಸರಿನಲ್ಲಿ ಕೆಡುವ ಜೀನುಗಳ ಸಿದ್ಧಪಟ್ಟಿಯನ್ನಷ್ಟೇ ನೋಡುವ ಇನ್ನೊಂದು ಬಗೆಯೂ ಇದೆ. ಅದು ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಆದರೆ ಸೂಕ್ಷ್ಮತೆಯೂ ಅಷ್ಟಕ್ಕಷ್ಟೆ.

ಅಧ್ಯಯನಗಳು ತೋರಿಸಿದ್ದೇನು

ಈ ವಿಷಯದ ಆಧಾರಗ್ರಂಥದಂತಿರುವುದು ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ನೇತೃತ್ವದ ಟ್ರೇಸರೆಕ್ಸ್ ಅಧ್ಯಯನ. 2017ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಪರೀಕ್ಷಿಸಿದ 96 ರೋಗಿಗಳಲ್ಲಿ 46 ಜನರ ರಕ್ತದಲ್ಲಿ ಗಡ್ಡೆ-ಡಿಎನ್‌ಎ ಸಿಕ್ಕಿತು. ಆದರೆ ಈ ಸರಾಸರಿಯ ಹಿಂದೆ ದೊಡ್ಡ ಅಂತರ ಅಡಗಿತ್ತು: ಶ್ವಾಸನಾಳದ ಒಳಪದರದಿಂದ ಹುಟ್ಟುವ, ಹೊಗೆಸೊಪ್ಪಿನೊಡನೆ ಹೆಚ್ಚು ನಂಟಿರುವ ಸ್ಕ್ವಾಮಸ್ ಬಗೆಯ 31 ಜನರಲ್ಲಿ 30 ಜನರಿಗೆ ಸಿಕ್ಕರೆ, ಅಡಿನೋಕಾರ್ಸಿನೋಮ ಎಂಬ ಗ್ರಂಥಿ ಬಗೆಯ 58 ಜನರಲ್ಲಿ ಸಿಕ್ಕಿದ್ದು 11 ಜನರಿಗೆ ಮಾತ್ರ. ಸ್ಕ್ವಾಮಸ್ ಗಡ್ಡೆಗಳಲ್ಲಿ ಕೋಶಗಳು ಬೇಗ ವೃದ್ಧಿಯಾಗಿ ಬೇಗ ಸಾಯುತ್ತವೆ, ನಡುಭಾಗ ಕೊಳೆಯುತ್ತದೆ. ಅಡಿನೋಕಾರ್ಸಿನೋಮ ನಿಧಾನಿ, ರಕ್ತಕ್ಕೆ ಬಿಡುವುದು ಸ್ವಲ್ಪ. ಭಾರತದಲ್ಲಿ ಅಡಿನೋಕಾರ್ಸಿನೋಮವೇ ಈಗ ಮುಂದಿರುವುದರಿಂದ ಇದು ಗಮನಿಸಬೇಕಾದ ಮಾತು. ಹತ್ತು ಘನ ಸೆಂಟಿಮೀಟರ್ ಗಾತ್ರದ ಗಡ್ಡೆ ಇದ್ದಾಗ ಪ್ಲಾಸ್ಮಾದ ಡಿಎನ್‌ಎಯಲ್ಲಿ ಅದರ ಪಾಲು ಸಾವಿರಕ್ಕೊಂದರಷ್ಟು ಎಂದೂ ಆ ವರದಿ ಅಂದಾಜಿಸಿತು. ಅದಕ್ಕಿಂತ ಸಣ್ಣ ಗಡ್ಡೆಯ ಪಾಲು ಇನ್ನೂ ಕಡಿಮೆ. ಇದೇ ಅಧ್ಯಯನದ ರೋಗಿಗಳ ರಕ್ತವನ್ನು ಇಡೀ ಜೀನೋಮ್ ಆಧಾರದ ಹೊಸ ವಿಧಾನದಿಂದ ನೋಡಿ 2025ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿನೋಕಾರ್ಸಿನೋಮ ಇದ್ದವರಲ್ಲಿ ಶೇ. 81, ಅವರಲ್ಲೇ ಒಂದನೆಯ ಹಂತದವರಲ್ಲಿ ಶೇ. 53 ಜನರಿಗೆ ಗಡ್ಡೆ-ಡಿಎನ್‌ಎ ಪತ್ತೆಯಾಯಿತು. ಎಂಟು ವರ್ಷದಲ್ಲಿ ಆದ ಈ ಮುನ್ನಡೆ ಸಣ್ಣದಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ಡಿಎನ್‌ಎ ಸಿಕ್ಕವರಿಗೆ ರೋಗ ಮರುಕಳಿಸುವ ಭಯ ಹೆಚ್ಚು ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಹೆಚ್ಚು ತೂಕ ಇರುವುದು ನಂತರದ ಪರೀಕ್ಷೆಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 40 ರೋಗಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ಮರುಕಳಿಸಿದವರ ಪೈಕಿ ಶೇ. 94 ಜನರಿಗೆ ಚಿಕಿತ್ಸೆ ಮುಗಿದ ಮೇಲಿನ ಮೊದಲ ಮಾದರಿಯಲ್ಲೇ ಗಡ್ಡೆ-ಡಿಎನ್‌ಎ ಸಿಕ್ಕಿತ್ತು, ಮತ್ತು ಸ್ಕ್ಯಾನಿನಲ್ಲಿ ರೋಗ ಕಾಣುವುದಕ್ಕೆ ಸರಾಸರಿ ಐದು ತಿಂಗಳ ಮೊದಲೇ ರಕ್ತ ಸೂಚನೆ ಕೊಟ್ಟಿತ್ತು. ಟ್ರೇಸರೆಕ್ಸ್‌ನ 2023ರ ದೊಡ್ಡ ವರದಿ ಈ ಉತ್ಸಾಹವನ್ನು ಸ್ವಲ್ಪ ತಗ್ಗಿಸಿತು: 197 ರೋಗಿಗಳಲ್ಲಿ ಮುಂದೆ ರೋಗ ಮರುಕಳಿಸಿದವರ ಪೈಕಿ ಶಸ್ತ್ರಚಿಕಿತ್ಸೆಯಾದ 120 ದಿನಗಳೊಳಗೆ ಪರೀಕ್ಷೆ ಹಿಡಿದದ್ದು ಅರ್ಧದಷ್ಟು ಜನರನ್ನು ಮಾತ್ರ. ಅಂದರೆ ಪರೀಕ್ಷೆ ಕೊಡುವ ಕೆಟ್ಟ ಸುದ್ದಿಯನ್ನು ಬಹುಮಟ್ಟಿಗೆ ನಂಬಬಹುದು, ಒಳ್ಳೆಯ ಸುದ್ದಿಯನ್ನು ಅಷ್ಟು ನಂಬುವಂತಿಲ್ಲ. ಒಂದೇ ಸಲ ನೋಡಿ ಬಿಡದೆ ಮೂರು ಮೂರು ತಿಂಗಳಿಗೊಮ್ಮೆ ನೋಡುತ್ತ ಹೋದರೆ ಭರವಸೆ ಹೆಚ್ಚುತ್ತದೆ. ಚೀನಾದ ವೂ ಯಿಲಾಂಗ್ ಅವರ ತಂಡ 2022ರಲ್ಲಿ 261 ರೋಗಿಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಸತತ ಪರೀಕ್ಷೆಗಳಲ್ಲಿ ಒಮ್ಮೆಯೂ ಗಡ್ಡೆ-ಡಿಎನ್‌ಎ ಕಾಣದವರಲ್ಲಿ ಶೇ. 96.8 ಜನರಿಗೆ ರೋಗ ಮರುಕಳಿಸಲಿಲ್ಲ. ಆದರೆ ಮೆದುಳಿಗಷ್ಟೇ ರೋಗ ಹೋದಾಗ ರಕ್ತ ಬಹುಮಟ್ಟಿಗೆ ಮೌನವಾಗಿರುತ್ತದೆ ಎಂಬುದೂ ಅದೇ ಅಧ್ಯಯನದಿಂದ ಗೊತ್ತಾದ ಸಂಗತಿ.

ತಪ್ಪು ಹೆಜ್ಜೆಗೆ ದಾರಿ ಮಾಡಿಕೊಡುವ ಇನ್ನೊಂದು ಮೂಲ ರೋಗಿಯ ಅಸ್ಥಿಮಜ್ಜೆ. ವಯಸ್ಸಾದಂತೆ ರಕ್ತ ಹುಟ್ಟಿಸುವ ಕೋಶಗಳಲ್ಲಿ ಕೆಲವು ತಮ್ಮಷ್ಟಕ್ಕೆ ಉತ್ಪರಿವರ್ತನೆ ಪಡೆದು ಹೆಚ್ಚುತ್ತವೆ. ಅವುಗಳಿಂದ ಬಂದ ಬಿಳಿ ರಕ್ತಕಣಗಳು ಸಾಯುವಾಗ ಬಿಡುವ ಡಿಎನ್‌ಎಯಲ್ಲಿಯೂ ಡಿಎನ್‌ಎಂಟಿ3ಎ, ಟೆಟ್2, ಕೆಲವೊಮ್ಮೆ ಟಿಪಿ53 ಜೀನುಗಳ ಬದಲಾವಣೆ ಇರುತ್ತದೆ, ಅದನ್ನು ಗಡ್ಡೆಯದೆಂದು ಭ್ರಮಿಸುವ ಅಪಾಯವಿದೆ. 2019ರ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ ಕಂಡ ಉತ್ಪರಿವರ್ತನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೀಗೆ ಬಿಳಿ ರಕ್ತಕಣಗಳಿಂದ ಬಂದವಾಗಿದ್ದವು. ಅದೇ ಕೊಳವೆಯ ಬಿಳಿ ರಕ್ತಕಣಗಳನ್ನೂ ಓದಿ ಹೋಲಿಸದ ಪ್ರಯೋಗಾಲಯದ ವರದಿಯನ್ನು ಹಿಡಿದು ಕೀಮೋಥೆರಪಿ ಶುರುಮಾಡುವುದು ಸರಿಯಲ್ಲ.

ಚಿಕಿತ್ಸೆಯ ನಿರ್ಧಾರದಲ್ಲಿ

ಶಸ್ತ್ರಚಿಕಿತ್ಸೆಯ ನಂತರ ಕೊಡುವ ಕೀಮೋಥೆರಪಿಯ ಲಾಭ ಎಷ್ಟು ಎಂಬುದನ್ನು ನೋಡಿದರೆ ಈ ಪರೀಕ್ಷೆಯ ಮೇಲೆ ಇಷ್ಟು ನಿರೀಕ್ಷೆ ಏಕೆ ಎಂಬುದು ತಿಳಿಯುತ್ತದೆ. ಸಿಸ್ಪ್ಲಾಟಿನ್ ಆಧಾರದ ಕೀಮೋಥೆರಪಿಯಿಂದ ಐದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ಉಳಿದ 95 ಜನರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗಿದ್ದವರು, ಇನ್ನು ಕೆಲವರು ಕೀಮೋ ಪಡೆದರೂ ರೋಗ ಮರುಕಳಿಸಿದವರು. ಯಾರು ಯಾವ ಗುಂಪಿನವರು ಎಂದು ಮೊದಲೇ ತಿಳಿದರೆ ಎಷ್ಟೋ ಜನರಿಗೆ ವಾಂತಿ, ಕಿವಿ ಮಂದವಾಗುವಿಕೆ, ಮೂತ್ರಪಿಂಡದ ಹಾನಿ ತಪ್ಪುತ್ತದೆ. ದೊಡ್ಡಕರುಳಿನ ಎರಡನೆಯ ಹಂತದ ಕ್ಯಾನ್ಸರಿನಲ್ಲಿ ಇದು ಸಾಧ್ಯ ಎಂದು ಆಸ್ಟ್ರೇಲಿಯಾದ ಡೈನಾಮಿಕ್ ಪ್ರಯೋಗ 2022ರಲ್ಲಿ ತೋರಿಸಿತು: ರಕ್ತಪರೀಕ್ಷೆಯ ಮಾತು ಕೇಳಿದ ಗುಂಪಿನಲ್ಲಿ ಕೀಮೋ ಪಡೆದವರು ಶೇ. 15, ಕೇಳದ ಗುಂಪಿನಲ್ಲಿ ಶೇ. 28, ಎರಡು ವರ್ಷದ ಹೊತ್ತಿಗೆ ರೋಗವಿಲ್ಲದೆ ಉಳಿದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಶ್ವಾಸಕೋಶ ಕ್ಯಾನ್ಸರಿನಲ್ಲಿ ಇಂಥ ಪುರಾವೆ ಇನ್ನೂ ಒದಗಿಲ್ಲ. ಅಳಿದುಳಿದ ರೋಗ ಇದ್ದವರಿಗೆ ಇಮ್ಯುನೋಥೆರಪಿ, ಅಂದರೆ ದೇಹದ ರಕ್ಷಣಾವ್ಯವಸ್ಥೆಯ ಕಡಿವಾಣ ಬಿಚ್ಚುವ ಔಷಧ, ಕೊಟ್ಟು ನೋಡಲು ಹೂಡಿದ ಮರ್ಮೇಡ್ ಹೆಸರಿನ ಎರಡು ಪ್ರಯೋಗಗಳೂ ಉದ್ದೇಶಿಸಿದಷ್ಟು ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ನಿಂತವು. ಯುರೋಪಿನ ವೈದ್ಯಕೀಯ ಕ್ಯಾನ್ಸರ್ ತಜ್ಞರ ಸಂಘ 2022ರಲ್ಲಿ ಅಳಿದುಳಿದ ರೋಗದ ಪತ್ತೆಗೆ ಈ ಪರೀಕ್ಷೆಯನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸಲು ಶಿಫಾರಸು ಮಾಡಲಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ಕೊಡುವ ಕ್ರಮದಲ್ಲಿಯೂ ರಕ್ತ ಸುಳಿವು ಕೊಡುತ್ತದೆ. ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಮತ್ತು ಕೀಮೋ ಸೇರಿಸಿ ಕೊಟ್ಟ ಚೆಕ್‌ಮೇಟ್ 816 ಪ್ರಯೋಗದಲ್ಲಿ, ಡಿಎನ್‌ಎ ಪರೀಕ್ಷೆಗೆ ಒಳಗಾದವರ ಪೈಕಿ ಈ ಜೋಡಿ ಪಡೆದ ಶೇ. 56 ಜನರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗಡ್ಡೆ-ಡಿಎನ್‌ಎ ಮಾಯವಾಯಿತು, ಬರೀ ಕೀಮೋ ಪಡೆದವರಲ್ಲಿ ಶೇ. 35 ಜನರಿಗೆ, ಹಾಗೆ ಮಾಯವಾದವರಲ್ಲಿ ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕೋಶ ಉಳಿಯದಿದ್ದುದು ಹೆಚ್ಚು. ಆದರೂ ರಕ್ತ ತಿಳಿಯಾಯಿತೆಂದು ಶಸ್ತ್ರಚಿಕಿತ್ಸೆಯನ್ನು ಕೈಬಿಡುವಂತಿಲ್ಲ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕುವ ಪರೀಕ್ಷೆಗಳ ವಿಷಯ ಬೇರೆಯಾದ್ದರಿಂದ ಇಲ್ಲಿ ಒಂದು ಮಾತು ಸಾಕು: ಅನೇಕ ಕ್ಯಾನ್ಸರುಗಳನ್ನು ಒಟ್ಟಿಗೆ ಹುಡುಕುವ, ಹೆಚ್ಚು ಪ್ರಚಾರ ಪಡೆದ ಗ್ಯಾಲರಿ ಪರೀಕ್ಷೆ ಒಂದನೆಯ ಹಂತದ ಕ್ಯಾನ್ಸರುಗಳಲ್ಲಿ ಹಿಡಿದದ್ದು ಶೇ. 17ರಷ್ಟು ಮಾತ್ರ, ಆದರೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಹೆಚ್ಚು ಸಿಗರೇಟು ಸೇದಿದವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವನ್ನು ಶೇ. 20ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗ 2011ರಲ್ಲೇ ತೋರಿಸಿದೆ.

ಆದೋನಿ ಸೀಮೆಯಲ್ಲಿ

ಭಾರತದಲ್ಲಿ 2022ರಲ್ಲಿ ಸುಮಾರು 81 ಸಾವಿರ ಜನರಿಗೆ ಹೊಸದಾಗಿ ಶ್ವಾಸಕೋಶ ಕ್ಯಾನ್ಸರ್ ಬಂದಿದ್ದು, ಸುಮಾರು 75 ಸಾವಿರ ಜನ ಅದರಿಂದ ಸತ್ತರು ಎಂಬುದು ಅಂತಾರಾಷ್ಟ್ರೀಯ ಅಂದಾಜು. ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರುವುದೇ ರೋಗ ಎಷ್ಟು ತಡವಾಗಿ ಗೊತ್ತಾಗುತ್ತದೆ ಎಂಬುದಕ್ಕೆ ಸಾಕ್ಷಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಆದೋನಿ ಮತ್ತು ಆಲೂರು ಸೀಮೆ, ಅದಕ್ಕೆ ಹೊಂದಿಕೊಂಡ ಪತ್ತಿಕೊಂಡ ಮತ್ತು ದೇವನಕೊಂಡ ಮಂಡಲಗಳಲ್ಲಿ ಈ ತಡಕ್ಕೆ ಕಾರಣಗಳು ಹಲವು. ಬಹುಕಾಲ ಬಿಡದ ಕೆಮ್ಮನ್ನು ಬೀಡಿಯ ಕೆಮ್ಮೆಂದೋ, ಆದೋನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ದುಡಿದವರಾದರೆ ಹತ್ತಿಯ ಧೂಳಿನದೆಂದೋ ತಳ್ಳಿಹಾಕುವುದು ಸುಲಭ. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಮೊದಲು ಬರುವ ಗುಮಾನಿ ಕ್ಷಯದ್ದು, ಮತ್ತು ಕ್ಷಯ ಇಷ್ಟು ಹೆಚ್ಚಿರುವ ದೇಶದಲ್ಲಿ ಅದು ತಪ್ಪೂ ಅಲ್ಲ; ತಪ್ಪಾಗುವುದು ಕಫದಲ್ಲಿ ಕ್ಷಯಾಣು ಸಿಗದಿದ್ದರೂ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಮುಂದುವರಿಸಿ ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿಯನ್ನು ಮುಂದೂಡಿದಾಗ. ಗಡ್ಡೆ ಒಂದು ಸೆಂಟಿಮೀಟರ್ ಮೀರದ ಹಂತದಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 92 ಜನ, ಮೂರನೆಯ ಹಂತದ ಮೊದಲ ಭಾಗ ತಲುಪುವ ಹೊತ್ತಿಗೆ 36 ಜನ. ಕ್ಷಯವೋ ಕ್ಯಾನ್ಸರೋ ಎಂಬ ಈ ಗೊಂದಲವನ್ನು ಬಿಡಿಸಲು ಗಡ್ಡೆ-ಡಿಎನ್‌ಎ ರಕ್ತಪರೀಕ್ಷೆ ಸಾಧನವಲ್ಲ: ಸಣ್ಣ ಗಡ್ಡೆ ಇದ್ದರೂ ರಕ್ತದಲ್ಲಿ ಏನೂ ಸಿಗದಿರಬಹುದು, ಸಿಕ್ಕರೂ ಬಯಾಪ್ಸಿ ತಪ್ಪುವುದಿಲ್ಲ.

ದೇವನಕೊಂಡ ಮಂಡಲದ ಹೆಸರು ಶ್ವಾಸಕೋಶ ಕ್ಯಾನ್ಸರಿನ ಚರ್ಚೆಯ ಪಕ್ಕದಲ್ಲಿ ಕೇಳಿಬಂದದ್ದು ಬೇರೊಂದು ಕಾರಣಕ್ಕೆ. ಕಪ್ಪಟ್ರಾಳ ಮೀಸಲು ಅರಣ್ಯದಲ್ಲಿ ಯುರೇನಿಯಂ ಹುಡುಕಲು 68 ಕೊಳವೆ ಕೊರೆಯುವ ಪ್ರಸ್ತಾವ 2024ರಲ್ಲಿ ಬಂದಾಗ ಸುತ್ತಲಿನ ಹಳ್ಳಿಗಳ ಜನ ರಸ್ತೆಗಿಳಿದು ವಿರೋಧಿಸಿದರು, ಆ ಕೆಲಸ ಮುಂದುವರಿಸುವುದಿಲ್ಲವೆಂದು ಆಡಳಿತ ಹೇಳಿತು. ಯುರೇನಿಯಂ ಕ್ಷಯಿಸುತ್ತ ಹೋಗುವಾಗ ಹುಟ್ಟುವ ರೇಡಾನ್ ಅನಿಲ ಶ್ವಾಸಕೋಶ ಕ್ಯಾನ್ಸರಿಗೆ ಕಾರಣವೆಂಬುದು ಸ್ಥಾಪಿತ ಸತ್ಯ. ಜರ್ಮನಿಯ ಷ್ನೀಬರ್ಗ್ ಗಣಿಯ ಕೆಲಸಗಾರರ ಎದೆರೋಗ ಕ್ಯಾನ್ಸರೇ ಎಂದು 1879ರಲ್ಲೇ ಗುರುತಿಸಲಾಗಿತ್ತು. ಗಣಿಯೇ ಇಲ್ಲದ ಊರಿನಲ್ಲಿ ಕೊಳವೆ ಕೊರೆಯುವ ಪ್ರಸ್ತಾವದಿಂದ ಯಾರಿಗೂ ಕ್ಯಾನ್ಸರ್ ಬಂದಿತೆಂದು ಹೇಳುವಂತಿಲ್ಲ. ಅಂಥ ಅಂಜಿಕೆಗೆ ಊರವರ ರಕ್ತದಲ್ಲಿ ಗಡ್ಡೆ-ಡಿಎನ್‌ಎ ಹುಡುಕುವುದೂ ಉತ್ತರವಲ್ಲ. ಮನೆಯೊಳಗಿನ ಗಾಳಿಯ ರೇಡಾನ್ ಮತ್ತು ಕುಡಿಯುವ ನೀರಿನ ಯುರೇನಿಯಂ ಅಳೆಯುವುದು ಅಗ್ಗವೂ ಹೌದು, ಹೆಚ್ಚು ಉಪಯುಕ್ತವೂ ಹೌದು.

ಈ ಸೀಮೆಯ ರೋಗಿ ಆದೋನಿಯ ಏರಿಯಾ ಆಸ್ಪತ್ರೆಯಿಂದ ಮುಂದೆ ಹೋಗುವ ದಾರಿಗಳು ಮೂರು ನಾಲ್ಕು: 1956ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮತ್ತು ರಾಜ್ಯ ಕ್ಯಾನ್ಸರ್ ಸಂಸ್ಥೆ ಇರುವ ಕರ್ನೂಲು, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ, ಹೈದರಾಬಾದಿನ ಎಂಎನ್‌ಜೆ, ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ಆಂಧ್ರದ ಗಡಿ ಜಿಲ್ಲೆಗಳಿಂದ ರೋಗಿಗಳು ಬರುವುದು ಹಳೆಯ ವಾಡಿಕೆ. ಆದರೆ ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಿ ಕಾರ್ಡು ಭಾಷೆಯನ್ನು ನೋಡುವುದಿಲ್ಲ, ರಾಜ್ಯವನ್ನು ನೋಡುತ್ತದೆ. ಮನೆಯಲ್ಲಿ ಕನ್ನಡ ಆಡುವ ಕೌತಾಳಂ ಅಥವಾ ಹೊಳಗುಂದದ ರೋಗಿಗೆ ಆಂಧ್ರದ ಎನ್‌ಟಿಆರ್ ವೈದ್ಯ ಸೇವೆಯ ಕಾರ್ಡು ಇರುತ್ತದೆಯೇ ಹೊರತು ಕರ್ನಾಟಕದ ಯೋಜನೆಗೆ ಅವನು ಸೇರುವುದಿಲ್ಲ. ಜೀನೋಮ್ ಓದುವ ಪ್ರಯೋಗಾಲಯಗಳು ಹೆಚ್ಚಾಗಿ ಇರುವುದು ಬೆಂಗಳೂರಿನಂಥ ನಗರಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಅಲ್ಲಿ ಸ್ಥಾಪಿಸಿದ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಅವುಗಳಲ್ಲಿ ಹಳೆಯದು.

ರಕ್ತದ ಮಾದರಿಯನ್ನು ಅಷ್ಟು ದೂರ ಕಳಿಸುವುದರಲ್ಲಿಯೇ ಒಂದು ತೊಡಕಿದೆ. ಸಾಧಾರಣ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ರಕ್ತ ತೆಗೆದರೆ ನಾಲ್ಕಾರು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿದು, ಮೊದಲೇ ಅಪರೂಪವಾಗಿದ್ದ ಗಡ್ಡೆಯ ತುಣುಕು ಅದರಲ್ಲಿ ಮುಳುಗಿಹೋಗುತ್ತದೆ. ಬೇರ್ಪಡಿಸುವುದೂ ಎರಡು ಸುತ್ತಿನ ಕೆಲಸ: ಮೊದಲು ಮೆಲ್ಲಗೆ ತಿರುಗಿಸಿ ಕಣಗಳನ್ನು ತಳಕ್ಕಿಳಿಸಿ, ಮೇಲಿನ ದ್ರವವನ್ನು ತಳದ ಬಿಳಿ ಪದರಕ್ಕೆ ಪಿಪೆಟ್ಟು ತಾಗದಂತೆ ಎತ್ತಿ, ಮತ್ತೆ ಹತ್ತು ಪಟ್ಟು ಬಲದಿಂದ ತಿರುಗಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಕೋಶಗಳು ಒಡೆಯದಂತೆ ಹಿಡಿದಿಡುವ ವಿಶೇಷ ಕೊಳವೆಗಳಲ್ಲಿ ರಕ್ತ ಒಂದು ವಾರ ಕೆಡದೆ ಇರುತ್ತದೆ, ಆದರೆ ಅವುಗಳಿಗೂ 37 ಡಿಗ್ರಿಯ ಮಿತಿ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕರ್ನೂಲು ಜಿಲ್ಲೆಯಲ್ಲಿ ಕೊರಿಯರ್ ಡಬ್ಬ ಬಿಸಿಲಲ್ಲಿ ನಿಂತ ಬಸ್ಸಿನ ಮೇಲೆ ಮಧ್ಯಾಹ್ನ ಕಳೆದರೆ ಆ ಮಾದರಿಯ ಫಲಿತಾಂಶಕ್ಕೆ ಬೆಲೆಯಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಸಾಧಾರಣ ಡಿಎನ್‌ಎ ರಕ್ತದಲ್ಲಿ ಹೆಚ್ಚುವುದರಿಂದ ಮೊದಲ ಮಾದರಿಯನ್ನು ಮೂರು ನಾಲ್ಕು ವಾರ ಬಿಟ್ಟು ತೆಗೆಯಬೇಕು, ಮುಂದೆ ಮೂರು ತಿಂಗಳಿಗೊಮ್ಮೆ ತೆಗೆಯುತ್ತಿರಬೇಕು. ಕೋಸಿಗಿ, ಪೆದ್ದಕಡಬೂರು ಕಡೆಯ ಎಷ್ಟೋ ಕುಟುಂಬಗಳು ಮಳೆಗಾಲದ ಬೆಳೆ ಮುಗಿಯುತ್ತಲೇ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವುದರಿಂದ ಆ ಕ್ರಮ ಅವರಿಗೆ ಕೈಗೂಡುವುದು ಕಷ್ಟ.

ಖರ್ಚಿನ ಲೆಕ್ಕದಲ್ಲಿ ಮುಂದು ಹಿಂದು ತಿಳಿಯುವುದು ಅಗತ್ಯ. ಭಾರತದ ರೋಗಿಗಳಲ್ಲಿ ಸುಮಾರು ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಜನರ ಗಡ್ಡೆಯಲ್ಲಿ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಅಂಥವರಿಗೆ ಶಸ್ತ್ರಚಿಕಿತ್ಸೆಯ ನಂತರ ಒಸಿಮರ್ಟಿನಿಬ್ ಮಾತ್ರೆ ಕೊಟ್ಟ ಅಡೋರಾ ಪ್ರಯೋಗದಲ್ಲಿ ಐದು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 88, ಹುಸಿಮಾತ್ರೆ ಪಡೆದವರಲ್ಲಿ ಶೇ. 78. ಆರಂಭಿಕ ಹಂತದಲ್ಲಿ ಆ ಬದಲಾವಣೆಯನ್ನು ನೋಡಬೇಕಾದದ್ದು ರಕ್ತದಲ್ಲಲ್ಲ, ತೆಗೆದ ಗಡ್ಡೆಯ ತುಣುಕಿನಲ್ಲಿ. ಆದ್ದರಿಂದ ಕೈಯಲ್ಲಿರುವ ಹಣ ಒಂದೇ ಪರೀಕ್ಷೆಗೆ ಸಾಲುವಂತಿದ್ದರೆ ಗಡ್ಡೆಯ ತುಣುಕಿನ ಇಜಿಎಫ್‌ಆರ್ ಪರೀಕ್ಷೆಯನ್ನೇ ಮೊದಲು ಮಾಡಿಸಬೇಕು, ಆಮೇಲೆ ಆರು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್ ತಪ್ಪಿಸಬಾರದು. ಗಡ್ಡೆ-ಡಿಎನ್‌ಎ ರಕ್ತಪರೀಕ್ಷೆಯ ಫಲಿತಾಂಶವನ್ನು ಅನುಸರಿಸಿ ಚಿಕಿತ್ಸೆ ಬದಲಿಸಿದರೆ ಆರಂಭಿಕ ಶ್ವಾಸಕೋಶ ಕ್ಯಾನ್ಸರಿನ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂಬುದು ಇನ್ನೂ ಸಾಬೀತಾಗಿಲ್ಲ.